ಕೆಟ್ಟ ಜೀನ್ ಬಿಟ್ಟು ಇನ್ನೊಂದಕ್ಕೇಕೆ ಕತ್ತರಿ? ರಕ್ತಕಣದೊಳಗಿನ ಪುಟ್ಟ ಪ್ರೋಟೀನ್‌ಗಳು ಮತ್ತು ನಮ್ಮ ಮೂರು ಜಿಲ್ಲೆಗಳು

ಕೆಂಪು ರಕ್ತಕಣಗಳು ಕುಡಗೋಲಿನ ಹಾಗೆ ಬಾಗಿ ನೋವು ತರುವ ಹುಟ್ಟುಕಾಯಿಲೆ ಸಿಕಲ್ ಸೆಲ್. ಈ ಕಾಯಿಲೆಗೆ ದೇಶದಲ್ಲೇ ತಯಾರಾದ ಮೊದಲ ಕ್ರಿಸ್ಪರ್ (ಡಿಎನ್‌ಎ ಕತ್ತರಿಸುವ ತಂತ್ರ) ಜೀನ್ ಚಿಕಿತ್ಸೆ ಎಂದು 2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 'ಬಿರ್ಸಾ 101' ಅನ್ನು ಪ್ರಕಟಿಸಿತು. ದೆಹಲಿಯ ಐಜಿಐಬಿ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಇದನ್ನು ರೂಪಿಸಿದೆ. ಮುಂದಿನ ಕೆಲಸಕ್ಕೆ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ಕೈಜೋಡಿಸಿದೆ. ಅದಕ್ಕೂ ಎರಡು ವರ್ಷ ಮೊದಲೇ, 2023ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ, ಬ್ರಿಟನ್ ಮತ್ತು ಅಮೆರಿಕ 'ಕ್ಯಾಸ್‌ಜೆವಿ' ಎಂಬ ಇಂಥದ್ದೇ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿದ್ದವು.

ಸುದ್ದಿ ಓದಿದವರಿಗೆ ಒಂದು ವಿಷಯ ಬಗೆಹರಿಯುವುದಿಲ್ಲ. ಸಿಕಲ್ ಸೆಲ್ ಕಾಯಿಲೆಯಲ್ಲಿ ಕೆಟ್ಟಿರುವುದು ಹಿಮೋಗ್ಲೋಬಿನ್‌ನ ಜೀನ್. ಆದರೆ ಕ್ಯಾಸ್‌ಜೆವಿ ಆ ಜೀನನ್ನು ಮುಟ್ಟುವುದೇ ಇಲ್ಲ. ಅದು ಕತ್ತರಿಸುವುದು ಚೆನ್ನಾಗಿಯೇ ಇರುವ ಇನ್ನೊಂದು ಜೀನನ್ನು. ಅಷ್ಟಾದರೂ ಕಾಯಿಲೆ ಹಿಡಿತಕ್ಕೆ ಬರುತ್ತದೆ. ಹೇಗೆ? ಇನ್ನೊಂದು ಪ್ರಶ್ನೆ ನಮ್ಮ ಕಡೆಯದು. ಕಲಬುರಗಿ, ಬೀದರ್, ಯಾದಗಿರಿಯ ಮಂದಿಗೆ ಇದರಿಂದ ಏನು ಸಿಗುತ್ತದೆ, ಯಾವಾಗ ಸಿಗುತ್ತದೆ?

ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ನಿರಬೇಕು ಎಂದು ತೀರ್ಮಾನಿಸುವ ಕೆಲವು ಪ್ರೋಟೀನ್‌ಗಳು ರಕ್ತಕಣದ ಒಳಗಿವೆ. ಇವಕ್ಕೆ ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಅನ್ನುತ್ತಾರೆ. ಇವುಗಳ ಕೆಲಸ ಅರ್ಥವಾದರೆ ಕೋಟಿಗಟ್ಟಲೆ ಬೆಲೆಯ ಹೊಸ ಚಿಕಿತ್ಸೆ, ಅಗ್ಗದ ಹಳೇ ಮಾತ್ರೆ, ತಾಲ್ಲೂಕು ಆಸ್ಪತ್ರೆಯ ರಕ್ತ ಪರೀಕ್ಷೆ ಮೂರೂ ಒಂದೇ ದಾರದಲ್ಲಿ ಪೋಣಿಸಿದಂತೆ ಕಾಣುತ್ತವೆ.

'ರಕ್ತ ಕಮ್ಮಿ ಅದ'

ನಮ್ಮ ಭಾಗದಲ್ಲಿ ಆಸ್ಪತ್ರೆಗೆ ಹೋದ ಹೆಣ್ಣುಮಕ್ಕಳು ಅತಿ ಹೆಚ್ಚು ಕೇಳುವ ಮಾತು ಇದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಶೇ. 65ರಷ್ಟು ಮಂದಿಗೆ ರಕ್ತಹೀನತೆ ಇದೆ. ಇದರಲ್ಲಿ ದೊಡ್ಡ ಪಾಲು ಕಬ್ಬಿಣಾಂಶ ಮತ್ತು ಪೌಷ್ಟಿಕತೆಯ ಕೊರತೆಯದು. ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ, ಆಶಾ ಕಾರ್ಯಕರ್ತೆ ಮನೆಗೆ ತಂದುಕೊಡುವ ಕೆಂಪು ಮಾತ್ರೆ ಇರುವುದು ಅದಕ್ಕೇ.

ಆದರೆ ರಕ್ತಹೀನತೆ ಎಲ್ಲವೂ ಒಂದೇ ಅಲ್ಲ. ಕೆಲವರಲ್ಲಿ ಕಬ್ಬಿಣ ಸಾಕಷ್ಟಿರುತ್ತದೆ, ಹಿಮೋಗ್ಲೋಬಿನ್ ಮಾಡುವ ಜೀನ್‌ನಲ್ಲೇ ದೋಷವಿರುತ್ತದೆ. ಬೀಟಾ ಥಲಸೇಮಿಯಾ ಮತ್ತು ಸಿಕಲ್ ಸೆಲ್ ಇಂಥವು. ಭಾರತದಲ್ಲಿ ನೂರಕ್ಕೆ ಮೂರ್ನಾಲ್ಕು ಜನ ಬೀಟಾ ಥಲಸೇಮಿಯಾದ ವಾಹಕರು (ಜೀನ್‌ನ ಒಂದು ಪ್ರತಿಯಲ್ಲಿ ಮಾತ್ರ ದೋಷವಿದ್ದು ತಮಗೆ ಕಾಯಿಲೆ ಇಲ್ಲದವರು) ಎಂಬುದು ವೈದ್ಯರು ಬಹಳ ಕಾಲದಿಂದ ಬಳಸುವ ಅಂದಾಜು. ಸಿಕಲ್ ಸೆಲ್ ಮಧ್ಯ ಭಾರತದ ಬುಡಕಟ್ಟು ಸಮುದಾಯಗಳಲ್ಲಿ ಜಾಸ್ತಿ. ವಿದರ್ಭ, ಆದಿಲಾಬಾದ್ ಇದಕ್ಕೆ ಹೆಸರಾದ ಪ್ರದೇಶಗಳು. ಬೀದರ್ ಜಿಲ್ಲೆಗೆ ಮಹಾರಾಷ್ಟ್ರ, ತೆಲಂಗಾಣ ಎರಡರ ಗಡಿಯೂ ಇದೆ. ಹೆಣ್ಣು ಕೊಡುವುದು ತರುವುದು ರಾಜ್ಯದ ಗಡಿ ನೋಡಿ ನಡೆಯುವುದಿಲ್ಲ. ಹಾಗಾಗಿ ಈ ಕಾಯಿಲೆ ನಮಗೆ ಸಂಬಂಧವಿಲ್ಲದ್ದು ಅಂದುಕೊಳ್ಳುವ ಹಾಗಿಲ್ಲ.

ಹೊಟ್ಟೆಯೊಳಗಿನ ಮಗುವಿನ ಹಿಮೋಗ್ಲೋಬಿನ್ ಬೇರೆ

ದೊಡ್ಡವರ ಹಿಮೋಗ್ಲೋಬಿನ್‌ನಲ್ಲಿ ನಾಲ್ಕು ಸರಪಳಿಗಳಿವೆ. ಎರಡು ಆಲ್ಫಾ, ಎರಡು ಬೀಟಾ. ಆಲ್ಫಾದ ಜೀನ್‌ಗಳು 16ನೇ ಕ್ರೋಮೋಸೋಮ್‌ನಲ್ಲಿ, ಬೀಟಾದ ಜೀನ್ 11ನೇ ಕ್ರೋಮೋಸೋಮ್‌ನಲ್ಲಿ ಇವೆ. ಆ 11ನೇ ಕ್ರೋಮೋಸೋಮ್‌ನಲ್ಲಿ ಬೀಟಾದ ಪಕ್ಕದಲ್ಲೇ ಅದರ ಅಣ್ಣತಮ್ಮಂದಿರೂ ಇದ್ದಾರೆ: ಎಪ್ಸಿಲಾನ್, ಎರಡು ಗಾಮಾ, ಡೆಲ್ಟಾ. ಇವುಗಳ ಸರದಿ ವಯಸ್ಸಿನ ಮೇಲೆ ಬರುತ್ತದೆ. ಗರ್ಭ ಕಟ್ಟಿದ ಮೊದಲ ವಾರಗಳಲ್ಲಿ ಎಪ್ಸಿಲಾನ್, ಆಮೇಲೆ ಹುಟ್ಟುವವರೆಗೆ ಗಾಮಾ, ಹುಟ್ಟಿದ ಮೇಲೆ ಬೀಟಾ.

ಗಾಮಾ ಇರುವ ಹಿಮೋಗ್ಲೋಬಿನ್‌ಗೆ ಎಚ್‌ಬಿಎಫ್ ಎಂದು ಹೆಸರು. ತಾಯಿಯ ರಕ್ತದಿಂದ ಆಮ್ಲಜನಕ ಎಳೆದುಕೊಳ್ಳಲು ಅದು ಚೆನ್ನಾಗಿ ಒದಗುತ್ತದೆ. ಮಗು ಹುಟ್ಟಿದಾಗ ರಕ್ತದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಇರುತ್ತದೆ. ತಿಂಗಳು ಕಳೆದಂತೆ ಇಳಿಯುತ್ತಾ ಹೋಗಿ, ದೊಡ್ಡವರಲ್ಲಿ ಸಾಮಾನ್ಯವಾಗಿ ಶೇ. 1ರ ಆಸುಪಾಸಿಗೆ ನಿಲ್ಲುತ್ತದೆ.

ಬೀಟಾ ಜೀನ್‌ನಲ್ಲಿ ದೋಷವಿರುವ ಮಗು ಹುಟ್ಟುವಾಗ ಆರೋಗ್ಯವಾಗಿಯೇ ಕಾಣುವುದು ಇದೇ ಕಾರಣಕ್ಕೆ. ಅದರ ರಕ್ತ ಇನ್ನೂ ಗಾಮಾದ ಮೇಲೆ ನಡೆಯುತ್ತಿರುತ್ತದೆ. ಆರು ತಿಂಗಳ ಸುಮಾರಿಗೆ ಗಾಮಾ ಇಳಿದು ಬೀಟಾ ಮೇಲೆ ಬರುತ್ತದೆ, ಆಗ ಕಾಯಿಲೆ ತಲೆ ಎತ್ತುತ್ತದೆ. ಥಲಸೇಮಿಯಾ ಆದರೆ ಮಗು ಬಿಳಿಚಿಕೊಳ್ಳುತ್ತದೆ, ಹೊಟ್ಟೆ ಉಬ್ಬುತ್ತದೆ. ಸಿಕಲ್ ಸೆಲ್ ಆದರೆ ಕೈಬೆರಳು, ಕಾಲ್ಬೆರಳು ಊದಿಕೊಂಡು ನೋಯುತ್ತವೆ.

ನ್ಯೂಯಾರ್ಕ್‌ನ ಮಕ್ಕಳ ವೈದ್ಯೆ ಜಾನೆಟ್ ವಾಟ್ಸನ್ 1948ರಲ್ಲೇ ಇದನ್ನು ಗಮನಿಸಿದ್ದರು. ಎಳೆಗೂಸುಗಳನ್ನು ಕಾಪಾಡುತ್ತಿರುವುದು ಈ ಎಚ್‌ಬಿಎಫ್ ಇರಬಹುದು ಎಂಬ ಅವರ ಊಹೆ ನಿಜವಾಯಿತು. ಮುಂದೆ ಇನ್ನೊಂದು ಬಗೆಯ ಜನರೂ ಕಂಡರು. ಹುಟ್ಟಿನಿಂದಲೇ ಇವರಲ್ಲಿ ಗಾಮಾ ಬಂದ್ ಆಗುವುದಿಲ್ಲ, ಜೀವನಪೂರ್ತಿ ಎಚ್‌ಬಿಎಫ್ ಜಾಸ್ತಿ ಇರುತ್ತದೆ, ಅದರಿಂದ ಏನೂ ತೊಂದರೆ ಇಲ್ಲ. ಅಂಥವರಿಗೆ ಸಿಕಲ್ ಜೀನ್ ಬಂದರೂ ಕಾಯಿಲೆ ತೀರಾ ಹಗುರ. ಹಾಗಾದರೆ ಗಾಮಾ ಜೀನನ್ನು ಬಂದ್ ಮಾಡುವುದು ಯಾರು? ಅವರನ್ನು ತಡೆಯಬಹುದಾ? ಎಪ್ಪತ್ತು ವರ್ಷದ ಸಂಶೋಧನೆ ಈ ಎರಡು ಪ್ರಶ್ನೆಗಳ ಸುತ್ತಲೇ ನಡೆಯಿತು.

ಜೀನ್ ಚಾಲೂ ಮಾಡುವವರು

ನಮ್ಮ ದೇಹದ ಹೆಚ್ಚುಕಮ್ಮಿ ಎಲ್ಲ ಕಣಗಳಲ್ಲೂ ಒಂದೇ ಡಿಎನ್‌ಎ ಇದೆ, ಅದರಲ್ಲಿ ಸುಮಾರು 20 ಸಾವಿರ ಪ್ರೋಟೀನ್ ಜೀನ್‌ಗಳಿವೆ. ಚರ್ಮದ ಕಣದಲ್ಲೂ ಹಿಮೋಗ್ಲೋಬಿನ್ ಜೀನ್ ಇದೆ, ಆದರೆ ಅಲ್ಲಿ ಅದು ಕೆಲಸ ಮಾಡುವುದಿಲ್ಲ. ಎಲುಬಿನ ಮಜ್ಜೆಯಲ್ಲಿ ಬೆಳೆಯುವ ಕೆಂಪುಕಣದಲ್ಲಿ ಮಾತ್ರ ಅದಕ್ಕೆ ಕೈತುಂಬ ಕೆಲಸ. ಒಂದು ಕೆಂಪುಕಣದಲ್ಲಿ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ತುಂಬಬೇಕು. ಅಂಥ ಕಣಗಳನ್ನು ದೇಹ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ತಯಾರಿಸುತ್ತದೆ. ಮಜ್ಜೆಯಿಂದ ಹೊರಡುವ ಮೊದಲು ಕಣ ತನ್ನ ನ್ಯೂಕ್ಲಿಯಸ್ಸನ್ನೇ ಹೊರಹಾಕುತ್ತದೆ. ಆಮೇಲೆ ಅದರಲ್ಲಿ ಜೀನ್ ಇಲ್ಲ, ತಪ್ಪು ತಿದ್ದಿಕೊಳ್ಳುವ ಅವಕಾಶವೂ ಇಲ್ಲ. ಎಲ್ಲ ತೀರ್ಮಾನಗಳೂ ಅದಕ್ಕೆ ಮುಂಚೆ, ಮಜ್ಜೆಯಲ್ಲಿರುವ ಕೆಲವೇ ದಿನಗಳಲ್ಲಿ ಆಗಿಬಿಡಬೇಕು.

ಆ ತೀರ್ಮಾನ ಮಾಡುವವರಲ್ಲಿ ಮುಂದಾಳು ಗಾಟಾ-1 ಎಂಬ ಪ್ರೋಟೀನ್. ಉದ್ದ ಬರೀ 413 ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಅಷ್ಟು ತುಣುಕುಗಳು. ಇದರಲ್ಲಿ ಸತುವಿನ ಅಣು ಹಿಡಿದುಕೊಂಡ ಎರಡು ಪುಟ್ಟ ಬೆರಳುಗಳಂಥ ಭಾಗಗಳಿವೆ. ಡಿಎನ್‌ಎ ಉದ್ದಕ್ಕೂ ಜಿ-ಎ-ಟಿ-ಎ ಎಂಬ ಅಕ್ಷರಗಳ ಸಾಲು ಸರಿಯಾದ ಜಾಗದಲ್ಲಿ ಎಲ್ಲಿದೆಯೋ ಅಲ್ಲಿ ಇದು ಹೋಗಿ ಕೂರುತ್ತದೆ. ಕೂತ ಮೇಲೆ ಬೇರೆ ಪ್ರೋಟೀನ್‌ಗಳನ್ನು ಕರೆದುಕೊಳ್ಳುತ್ತದೆ. ಟಾಲ್-1, ಎಲ್‌ಎಂಒ-2, ಎಲ್‌ಡಿಬಿ-1 ಜೊತೆ ಸೇರಿ ದೂರದ ಡಿಎನ್‌ಎ ತುಂಡನ್ನು ಬಾಗಿಸಿ ಜೀನ್‌ನ ಹತ್ತಿರ ತರುತ್ತದೆ. ಬೀಟಾ ಜೀನನ್ನು ಜೋರಾಗಿ ನಡೆಸುವ ನಿಯಂತ್ರಣ ಭಾಗ ಆ ಜೀನ್‌ನಿಂದ ಸುಮಾರು 50 ಸಾವಿರ ಅಕ್ಷರಗಳಷ್ಟು ದೂರದಲ್ಲಿದೆ. ಇವೆರಡೂ ಮುಖಾಮುಖಿಯಾದರೆ ಮಾತ್ರ ಹಿಮೋಗ್ಲೋಬಿನ್ ಉತ್ಪಾದನೆ ಏರುತ್ತದೆ.

ಗಾಟಾ-1 ಇಲ್ಲದಿದ್ದರೆ ಕೆಂಪುಕಣ ಬೆಳೆಯುವುದೇ ಇಲ್ಲ, ನಡುದಾರಿಯಲ್ಲಿ ಸಾಯುತ್ತದೆ. ಮಜ್ಜೆಯ ಮೂಲ ಕಣ ಕೆಂಪುಕಣ ಆಗಬೇಕೋ ಬಿಳಿಕಣ ಆಗಬೇಕೋ ಎಂಬಲ್ಲೂ ಇದರ ಮಾತು ನಡೆಯುತ್ತದೆ. ಬಿಳಿಕಣದ ಕಡೆ ಎಳೆಯುವ ಪಿಯು-1 ಎಂಬ ಪ್ರೋಟೀನ್ ಮತ್ತು ಗಾಟಾ-1 ಪರಸ್ಪರ ಅಡ್ಡಗಾಲು ಹಾಕುತ್ತವೆ, ಮೇಲುಗೈ ಯಾರದ್ದೋ ಕಣ ಆ ಕಡೆ ಹೊರಳುತ್ತದೆ. ಇವರ ಜೊತೆ ಕೆಎಲ್‌ಎಫ್-1 ಎಂಬ ಮೂರನೆಯದೂ ಇದೆ. 1993ರಲ್ಲಿ ಪತ್ತೆಯಾದ ಇದು ಬೀಟಾ ಜೀನನ್ನು ಚಾಲೂ ಮಾಡುವುದರಲ್ಲಿ ನಿಪುಣ.

ಅತಿ ಚಿಕ್ಕದು, ಜೋಡಿ ನೋಡಿ ಕೆಲಸ

ಈ ಗುಂಪಿನಲ್ಲಿ ತೀರಾ ಚಿಕ್ಕವು 'ಸ್ಮಾಲ್ ಮಾಫ್' ಪ್ರೋಟೀನ್‌ಗಳು. ಸುಮಾರು 160 ಅಮೈನೋ ಆಮ್ಲ, ಅಷ್ಟೇ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತ್ಯಂತ ಸೊಗಸಾದ ಭಾಗ ಇದು, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸ್ಮಾಲ್ ಮಾಫ್‌ಗೆ ಡಿಎನ್‌ಎ ಹಿಡಿಯಲು ಬರುತ್ತದೆ. ಆದರೆ ಜೀನನ್ನು ಚಾಲೂ ಮಾಡುವ ಭಾಗ ಅದರಲ್ಲಿಲ್ಲ. ಅದಕ್ಕೆ ಒಂದು ಜೋಡಿ ಬೇಕು. ಪಿ-45 ಎಂಬ ಪ್ರೋಟೀನ್ ಜೊತೆ ಸೇರಿದರೆ ಇಬ್ಬರೂ ಕೂಡಿ ಎನ್‌ಎಫ್-ಇ2 ಎನ್ನಿಸಿಕೊಂಡು ಹಿಮೋಗ್ಲೋಬಿನ್ ಜೀನ್‌ಗಳ ನಿಯಂತ್ರಣ ಭಾಗದಲ್ಲಿ ಕೂತು ಉತ್ಪಾದನೆ ಏರಿಸುತ್ತಾರೆ. ಬ್ಯಾಕ್-1 ಎಂಬ ಪ್ರೋಟೀನ್ ಜೊತೆ ಸೇರಿದರೆ ಅದೇ ಜಾಗದಲ್ಲಿ ಕೂತು ಉತ್ಪಾದನೆ ತಡೆಯುತ್ತಾರೆ. ಜಾಗ ಅದೇ, ಸ್ಮಾಲ್ ಮಾಫ್ ಅದೇ. ಜೋಡಿ ಬದಲಾದರೆ ಫಲ ತಿರುವುಮುರುವು.

ಹಾಗಾದರೆ ಜೋಡಿ ಯಾವುದೆಂದು ಯಾರು ನಿರ್ಧರಿಸುತ್ತಾರೆ? ಹೀಮ್. ಹಿಮೋಗ್ಲೋಬಿನ್‌ನ ನಡುವೆ ಕಬ್ಬಿಣ ಹಿಡಿದು ಕೂರುವ ಕೆಂಪು ಅಣು ಇದು. ಕಣದಲ್ಲಿ ಹೀಮ್ ಸಾಕಷ್ಟಿದ್ದರೆ ಅದು ಬ್ಯಾಕ್-1ಕ್ಕೆ ಅಂಟಿಕೊಳ್ಳುತ್ತದೆ. ಆಗ ಬ್ಯಾಕ್-1 ಡಿಎನ್‌ಎ ಬಿಟ್ಟು ಹೋಗುತ್ತದೆ, ಜಾಗ ತೆರವಾಗುತ್ತದೆ, ಪಿ-45 ಬಂದು ಸೇರುತ್ತದೆ, ಗ್ಲೋಬಿನ್ (ಅಂದರೆ ಆಲ್ಫಾ, ಬೀಟಾ ಸರಪಳಿಗಳ) ತಯಾರಿ ಜೋರಾಗುತ್ತದೆ. ಹೀಮ್ ಕಡಿಮೆ ಇದ್ದರೆ ಬ್ಯಾಕ್-1 ಅಲ್ಲೇ ಕೂತಿರುತ್ತದೆ. ಹೀಮ್ ಇಲ್ಲದೆ ಬರೀ ಗ್ಲೋಬಿನ್ ಮಾಡಿಟ್ಟರೆ ಅದು ಗಟ್ಟಿಯಾಗಿ ಕಣಕ್ಕೇ ಹಾನಿ, ಅದಕ್ಕೇ ಈ ಏರ್ಪಾಡು.

ಈಗ ಇದನ್ನು 'ರಕ್ತ ಕಮ್ಮಿ ಅದ' ಎಂಬ ಮಾತಿನ ಪಕ್ಕ ಇಡಿ. ಊಟದಲ್ಲಿ ಕಬ್ಬಿಣ ಕಡಿಮೆಯಾದರೆ ಹೀಮ್ ಕಡಿಮೆಯಾಗುತ್ತದೆ. ಹೀಮ್ ಕಡಿಮೆಯಾದರೆ ಕಣ ತಾನಾಗಿಯೇ ಗ್ಲೋಬಿನ್ ತಯಾರಿ ಕಡಿತ ಮಾಡುತ್ತದೆ. ಕೆಂಪುಕಣ ಚಿಕ್ಕದಾಗಿ, ತೆಳು ಬಣ್ಣದ್ದಾಗಿ ಹೊರಬರುತ್ತದೆ. ಕೆಂಪು ಮಾತ್ರೆ ಕೆಲಸ ಮಾಡುವುದು ಈ ಸರಣಿಯನ್ನು ತಿರುಗಿಸಿ. ಬೀಟಾ ಜೀನ್‌ನಲ್ಲೇ ದೋಷವಿದ್ದಾಗ ಅದೇ ಮಾತ್ರೆ ತಿಂಗಳುಗಟ್ಟಲೆ ನುಂಗಿದರೂ ಏನೂ ಏರದಿರುವುದಕ್ಕೂ ಕಾರಣ ಇಲ್ಲೇ ಇದೆ. ಚಾಲೂ ಮಾಡುವವರೆಲ್ಲ ಹಾಜರಿದ್ದಾರೆ, ಹೀಮ್ ಕೂಡ ಇದೆ, ಆದರೆ ಚಾಲೂ ಆಗಬೇಕಾದ ಜೀನೇ ಸರಿಯಿಲ್ಲ.

ಗಾಮಾವನ್ನು ಬಂದ್ ಮಾಡುವವನು ಸಿಕ್ಕ

2007-08ರಲ್ಲಿ ವಿಜ್ಞಾನಿಗಳು ಸಾವಿರಾರು ಜನರ ಡಿಎನ್‌ಎ ಹೋಲಿಸಿ ನೋಡಿದರು. ಎಚ್‌ಬಿಎಫ್ ಜಾಸ್ತಿ ಇರುವವರಲ್ಲಿ ಎರಡನೇ ಕ್ರೋಮೋಸೋಮ್‌ನ ಒಂದು ಜಾಗದಲ್ಲಿ ವ್ಯತ್ಯಾಸ ಕಂಡಿತು. ಅಲ್ಲಿದ್ದ ಜೀನ್ ಬಿಸಿಎಲ್11ಎ. ಅದು ಒಂದು ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್, ಆದರೆ ತಡೆಯುವ ಬಗೆಯದು. 2008ರಲ್ಲಿ ಹಾರ್ವರ್ಡ್‌ನ ಸ್ಟುವರ್ಟ್ ಆರ್ಕಿನ್ ಮತ್ತು ವಿಜಯ್ ಶಂಕರನ್ ತಂಡ ಮಾನವ ರಕ್ತಕಣಗಳಲ್ಲಿ ಬಿಸಿಎಲ್11ಎ ಇಳಿಸಿದರೆ ಗಾಮಾ ಏರುತ್ತದೆ ಎಂದು ತೋರಿಸಿತು.

ಆಮೇಲಿನ ಹತ್ತು ವರ್ಷದಲ್ಲಿ ಉಳಿದ ವಿವರ ಬಂತು. ಗಾಮಾ ಜೀನ್‌ನ ಬಾಗಿಲಿನ ಹತ್ತಿರ ಟಿ-ಜಿ-ಎ-ಸಿ-ಸಿ-ಎ ಎಂಬ ಆರು ಅಕ್ಷರಗಳಿವೆ. ಬಿಸಿಎಲ್11ಎ ಅಲ್ಲಿ ಕೂತು ಗಾಮಾವನ್ನು ಬಂದ್ ಮಾಡುತ್ತದೆ. ಹುಟ್ಟಿನಿಂದ ಎಚ್‌ಬಿಎಫ್ ಜಾಸ್ತಿ ಇರುವ ಕೆಲವರಲ್ಲಿ ಈ ಅಕ್ಷರಗಳೇ ಬದಲಾಗಿರುತ್ತವೆ. ಕೂರಲು ಜಾಗವಿಲ್ಲ, ಹಾಗಾಗಿ ತಡೆಯೂ ಇಲ್ಲ. 2010ರಲ್ಲಿ ಮಾಲ್ಟಾ ದೇಶದ ಒಂದು ಕುಟುಂಬದಲ್ಲಿ ಕೆಎಲ್‌ಎಫ್-1 ಜೀನ್‌ನ ಒಂದು ಪ್ರತಿ ಕೆಟ್ಟಿದ್ದು ಗೊತ್ತಾಯಿತು. ಅವರಲ್ಲೂ ಎಚ್‌ಬಿಎಫ್ ಜಾಸ್ತಿ. ಬಿಸಿಎಲ್11ಎಯನ್ನು ಚಾಲೂ ಮಾಡುವುದು ಕೆಎಲ್‌ಎಫ್-1 ಎಂಬುದು ಇದರಿಂದ ಖಚಿತವಾಯಿತು. ಅಂದರೆ ಒಂದೇ ಪ್ರೋಟೀನ್ ಬೀಟಾವನ್ನು ಎಬ್ಬಿಸುತ್ತದೆ, ಗಾಮಾವನ್ನು ಮಲಗಿಸುವವನನ್ನೂ ಎಬ್ಬಿಸುತ್ತದೆ.

ಕತ್ತರಿ ಬೀಳುವುದು ಎಲ್ಲಿ

ಬಿಸಿಎಲ್11ಎ ತಡೆಯುತ್ತಿದ್ದರೆ ಅದನ್ನೇ ಕಿತ್ತುಹಾಕಬಹುದಲ್ವಾ? ಆಗುವುದಿಲ್ಲ. ಆ ಜೀನ್ ಮೆದುಳಿನ ಬೆಳವಣಿಗೆಗೆ ಬೇಕು, ರೋಗನಿರೋಧಕ ಬಿ-ಕಣಗಳಿಗೂ ಬೇಕು. ಹುಟ್ಟಿನಿಂದಲೇ ಅದರ ಒಂದು ಪ್ರತಿ ಕಳೆದುಕೊಂಡ ಮಕ್ಕಳಲ್ಲಿ ಬುದ್ಧಿಬೆಳವಣಿಗೆಯ ತೊಂದರೆ ಕಾಣುತ್ತದೆ.

2013ರಲ್ಲಿ ಇದಕ್ಕೆ ದಾರಿ ಸಿಕ್ಕಿತು. ಬಿಸಿಎಲ್11ಎ ಜೀನ್‌ನ ಒಳಗೇ, ಪ್ರೋಟೀನ್‌ಗೆ ಸಂಬಂಧವಿಲ್ಲದ ಜಾಗದಲ್ಲಿ, ಒಂದು ನಿಯಂತ್ರಣ ತುಂಡು ಇದೆ. ಕೆಂಪುಕಣದಲ್ಲಿ ಮಾತ್ರ ಇದು ಕೆಲಸ ಮಾಡುತ್ತದೆ. ಈ ತುಂಡಿನಲ್ಲಿ ಗಾಟಾ-1 ಬಂದು ಕೂತರೆ ಬಿಸಿಎಲ್11ಎ ಜೋರಾಗಿ ತಯಾರಾಗುತ್ತದೆ. ಮೆದುಳಿನ ಕಣಕ್ಕೂ ಬಿ-ಕಣಕ್ಕೂ ಇದು ಬೇಕಿಲ್ಲ, ಅವುಗಳದ್ದು ಬೇರೆ ಏರ್ಪಾಡು.

ಕ್ಯಾಸ್‌ಜೆವಿಯ ಕತ್ತರಿ ಬೀಳುವುದು ಸರಿಯಾಗಿ ಇಲ್ಲಿ. ಗಾಟಾ-1 ಕೂರುವ ಆ ಕೆಲವೇ ಅಕ್ಷರಗಳ ಜಾಗವನ್ನು ಕ್ರಿಸ್ಪರ್ ಕತ್ತರಿಸುತ್ತದೆ. ಕಣ ಆ ಗಾಯವನ್ನು ಹೊಲಿಯುವಾಗ ಒಂದೆರಡು ಅಕ್ಷರ ಹೆಚ್ಚುಕಮ್ಮಿಯಾಗುತ್ತವೆ. ಅಷ್ಟು ಸಾಕು, ಗಾಟಾ-1 ಅಲ್ಲಿ ಕೂರುವುದಿಲ್ಲ. ಕೆಂಪುಕಣದಲ್ಲಿ ಬಿಸಿಎಲ್11ಎ ಇಳಿಯುತ್ತದೆ. ಗಾಮಾದ ಮೇಲಿನ ತಡೆ ಸಡಿಲವಾಗುತ್ತದೆ. ಎಚ್‌ಬಿಎಫ್ ಮತ್ತೆ ಬರುತ್ತದೆ. ನಾರಾಯಣಪುರ ಕಾಲುವೆ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ: ಒಂದು ಹೊಲಕ್ಕೆ ನೀರು ಬೇಡವಾದರೆ ಆ ಹೊಲದ ತೂಬು ಮುಚ್ಚುತ್ತಾರೆ, ಕಾಲುವೆ ಒಡೆಯುವುದಿಲ್ಲ, ಉಳಿದ ಹೊಲಗಳಿಗೆ ನೀರು ಹೋಗುತ್ತಲೇ ಇರುತ್ತದೆ.

ಕೆಟ್ಟ ಬೀಟಾ ಜೀನ್ ಹಾಗೇ ಉಳಿಯುತ್ತದೆ, ನಿಜ. ಆದರೆ ಗಾಮಾ ಬಂದ ಮೇಲೆ ಅದರ ಕಾಟ ನಿಲ್ಲುತ್ತದೆ. ಸಿಕಲ್ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದ ಕಡ್ಡಿಗಳಾಗುವುದರಿಂದಲೇ ಕಣ ಕುಡಗೋಲಿನ ಹಾಗೆ ಬಾಗುವುದು. ಎಚ್‌ಬಿಎಫ್ ಆ ಕಡ್ಡಿಗೆ ಸೇರಿಕೊಳ್ಳುವುದಿಲ್ಲ, ಹಾಗಾಗಿ ಕಡ್ಡಿ ಬೆಳೆಯುವುದಿಲ್ಲ. ಥಲಸೇಮಿಯಾದಲ್ಲಿ ಜೋಡಿಯಿಲ್ಲದ ಆಲ್ಫಾ ಸರಪಳಿಗಳು ಕಣವನ್ನು ಕೆಡಿಸುತ್ತವೆ. ಗಾಮಾ ಬಂದು ಅವಕ್ಕೆ ಜೋಡಿಯಾಗುತ್ತದೆ. ಒಂದೇ ಕತ್ತರಿ ಎರಡು ಕಾಯಿಲೆಗೂ ಒದಗುವುದು ಹೀಗೆ. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪ್ರಯೋಗದಲ್ಲಿ, ಸಾಕಷ್ಟು ಕಾಲ ಗಮನಿಸಲಾದ 31 ಸಿಕಲ್ ಸೆಲ್ ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ 12 ತಿಂಗಳು ತೀವ್ರ ನೋವಿನ ದಾಳಿ ಬರಲಿಲ್ಲ. ಥಲಸೇಮಿಯಾದ 35ರಲ್ಲಿ 32 ಮಂದಿಗೆ ರಕ್ತ ಹಾಕಿಸಿಕೊಳ್ಳುವ ಅಗತ್ಯ ತಪ್ಪಿತು.

ಎರಡು ದಾರಿ, ಎರಡು ವಾದ

ವಿಜ್ಞಾನಿಗಳಲ್ಲೇ ಇಲ್ಲಿ ಭಿನ್ನಾಭಿಪ್ರಾಯವಿದೆ. ಒಂದು ಪಕ್ಷ ಹೇಳುವುದು ಹೀಗೆ: ಸಿಕಲ್ ಸೆಲ್‌ನಲ್ಲಿ ತಪ್ಪಿರುವುದು ಬೀಟಾ ಜೀನ್‌ನ ಒಂದೇ ಒಂದು ಅಕ್ಷರ, ಅದನ್ನೇ ತಿದ್ದಿದರೆ ಕೆಟ್ಟ ಹಿಮೋಗ್ಲೋಬಿನ್ ತಯಾರಾಗುವುದೇ ನಿಲ್ಲುತ್ತದೆ. ಇನ್ನೊಂದು ಪಕ್ಷದ ಉತ್ತರ: ಥಲಸೇಮಿಯಾಕ್ಕೆ ಕಾರಣವಾಗುವ ತಪ್ಪುಗಳು ನೂರಾರು ಬಗೆಯವು, ಒಂದೊಂದಕ್ಕೂ ಬೇರೆ ಚಿಕಿತ್ಸೆ ಮಾಡಲು ಆಗುತ್ತದಾ? ತಡೆಯನ್ನು ಸಡಿಲಿಸಿದರೆ ಎಲ್ಲರಿಗೂ ಒಂದೇ ಚಿಕಿತ್ಸೆ. ಕತ್ತರಿಸುವುದು ಸುಲಭ, ಅಕ್ಷರ ತಿದ್ದುವುದು ಕಷ್ಟ ಎಂಬುದೂ ಇವರ ವಾದ. ಥಲಸೇಮಿಯಾ ಮತ್ತು ಸಿಕಲ್ ಎರಡೂ ಇರುವ ದೇಶಕ್ಕೆ ಎರಡನೇ ವಾದ ಹೆಚ್ಚು ಹೊಂದುತ್ತದೆ ಎಂದು ನನಗನ್ನಿಸುತ್ತದೆ.

ದಾರಿ ಯಾವುದಾದರೂ ಇಂದಿನ ವಿಧಾನದಲ್ಲಿ ರೋಗಿ ಪಡಬೇಕಾದ ಪಾಡು ಒಂದೇ. ಮೂಲ ಕಣಗಳನ್ನು ರಕ್ತದಿಂದ ಬೇರ್ಪಡಿಸಿ ಲ್ಯಾಬಿಗೆ ಕಳಿಸಬೇಕು. ತಿಂಗಳುಗಟ್ಟಲೆ ಕಾಯಬೇಕು. ಆಮೇಲೆ ಬುಸಲ್ಫಾನ್ ಎಂಬ ಕೀಮೋ ಔಷಧಿ ಕೊಟ್ಟು ಹಳೇ ಮಜ್ಜೆಯನ್ನು ಖಾಲಿ ಮಾಡಬೇಕು. ಆಗ ಸೋಂಕಿನ ಭಯ, ಮುಂದೆ ಮಕ್ಕಳಾಗದಿರುವ ಅಪಾಯ. ವಾರಗಟ್ಟಲೆ ಪ್ರತ್ಯೇಕ ಕೋಣೆ. ಅಮೆರಿಕದಲ್ಲಿ ಕ್ಯಾಸ್‌ಜೆವಿಯ ಬೆಲೆ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಹೆಚ್ಚು. ದೇಶೀ ಚಿಕಿತ್ಸೆ ಅದಕ್ಕಿಂತ ಬಹಳ ಅಗ್ಗವಾದರೂ ಮಜ್ಜೆ ಕಸಿ ಮಾಡುವ ಮಟ್ಟದ ಆಸ್ಪತ್ರೆ ಬೇಕೇ ಬೇಕು. ದೊಡ್ಡ ಕಾಯಿಲೆ ಬಂದರೆ ಸೊಲ್ಲಾಪುರ, ಹೈದರಾಬಾದ್ ಬಸ್ ಹತ್ತುವ ನಮ್ಮ ಜಿಲ್ಲೆಗಳ ಕುಟುಂಬಕ್ಕೆ ಔಷಧಿ ಪುಕ್ಕಟೆ ಸಿಕ್ಕರೂ ತಿಂಗಳುಗಟ್ಟಲೆ ಪರಊರಲ್ಲಿ ಉಳಿಯುವ ಖರ್ಚು ಸಣ್ಣದಲ್ಲ.

ಅದೇ ಗಾಮಾ, ಅಗ್ಗದ ಮಾತ್ರೆ

ಗಾಮಾ ಏರಿಸುವ ಔಷಧಿ ಈಗಾಗಲೇ ಇದೆ. ಹೈಡ್ರಾಕ್ಸಿಯೂರಿಯಾ. ಸಿಕಲ್ ಸೆಲ್‌ಗೆ ಅಮೆರಿಕ ಇದನ್ನು ಒಪ್ಪಿದ್ದು 1998ರಲ್ಲಿ. ನಮ್ಮ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ. ದಿನಕ್ಕೊಮ್ಮೆ ನುಂಗುವ ಕ್ಯಾಪ್ಸೂಲ್ ಇದು. ಮಜ್ಜೆಯಲ್ಲಿ ಕಣ ವಿಭಜನೆಯನ್ನು ಸ್ವಲ್ಪ ತಡೆಯುತ್ತದೆ, ಆ ಒತ್ತಡದಲ್ಲಿ ಎಚ್‌ಬಿಎಫ್ ಜಾಸ್ತಿ ಇರುವ ಕಣಗಳು ಹೊರಬರುತ್ತವೆ. ದೊಡ್ಡ ಪ್ರಯೋಗದಲ್ಲಿ ನೋವಿನ ದಾಳಿಗಳು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದವು. ಕೆಲವು ಥಲಸೇಮಿಯಾ ರೋಗಿಗಳಿಗೂ ಉಪಯೋಗವಿದೆ, ಎಲ್ಲರಿಗಲ್ಲ.

ಆದರೆ ಇದಕ್ಕೊಂದು ಶಿಸ್ತು ಬೇಕು. ಬಿಳಿಕಣ ತೀರಾ ಇಳಿಯದಂತೆ ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಬಸುರಾಗುವ ಯೋಚನೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ತೊಗರಿ ರಾಶಿ ಮುಗಿದ ಮೇಲೆ ಮುಂಬೈ, ಪುಣೆ, ಬೆಂಗಳೂರಿಗೆ ಗುಳೆ ಹೋಗುವ ಮನೆಗಳಲ್ಲಿ ಈ ಶಿಸ್ತು ಮುರಿಯುವುದು ಇಲ್ಲೇ. ಮಾತ್ರೆ ಮುಗಿಯುತ್ತದೆ, ಚೀಟಿ ಊರಲ್ಲಿ ಉಳಿಯುತ್ತದೆ, ಕಟ್ಟಡ ಕೆಲಸದಲ್ಲಿ ಬಿಸಿಲು. ಮೈಯಲ್ಲಿ ನೀರು ಕಡಿಮೆಯಾದರೆ ಕಣದೊಳಗಿನ ಸಿಕಲ್ ಹಿಮೋಗ್ಲೋಬಿನ್ ದಟ್ಟವಾಗುತ್ತದೆ, ದಟ್ಟವಾದರೆ ಬೇಗ ಕಡ್ಡಿ ಕಟ್ಟುತ್ತದೆ, ನೋವಿನ ದಾಳಿ ಬರುತ್ತದೆ. ಕಲಬುರಗಿಯ 43 ಡಿಗ್ರಿ ಬಿಸಿಲಿನಲ್ಲಿ ಹೊಲದಲ್ಲಿ ದುಡಿಯುವ ರೋಗಿಗೂ ಇದೇ ಅಪಾಯ. ಎಲ್ಲಿ ಹೋದರೂ ಒಂದೇ ಕಾರ್ಡ್ ತೋರಿಸಿ ಮಾತ್ರೆ ಪಡೆದು, ಪರೀಕ್ಷೆ ಮಾಡಿಸಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಔಷಧಿ ಅಗ್ಗವಾಗಿದ್ದೂ ಪ್ರಯೋಜನವಿಲ್ಲ.

ಹೀಗೆ ಅಲೆಯುವ ಜನರಿಗೆ ನಿಜವಾಗಿ ಹೊಂದುವುದು ಮಜ್ಜೆ ಖಾಲಿ ಮಾಡುವ ಚಿಕಿತ್ಸೆಯಲ್ಲ, ಒಳ್ಳೆಯ ಮಾತ್ರೆ. ಆ ಕಡೆ ಒಂದು ಸುಳಿವು ಸಿಕ್ಕಿದೆ. 2024ರಲ್ಲಿ ನೋವಾರ್ಟಿಸ್ ಕಂಪನಿಯ ವಿಜ್ಞಾನಿಗಳು ಗಾಮಾವನ್ನು ತಡೆಯುವ 'ವಿಜ್' ಎಂಬ ಇನ್ನೊಂದು ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಅನ್ನು ಗುರುತಿಸಿ, ಅದನ್ನು ಕಣದೊಳಗೇ ಒಡೆದು ಹಾಕಿಸುವ ರಾಸಾಯನಿಕ ರೂಪಿಸಿದರು. ಇಲಿ ಮತ್ತು ಮಂಗಗಳಲ್ಲಿ ಎಚ್‌ಬಿಎಫ್ ಏರಿತು. ಜನರಿಗೆ ತಲುಪಲು ಇನ್ನೂ ದೂರವಿದೆ.

ರಿಪೋರ್ಟ್‌ನ ಎರಡು ಸಾಲು

ಅಲ್ಲಿಯವರೆಗೆ ನಮ್ಮ ಜಿಲ್ಲೆಗಳಿಗೆ ಅತಿ ದೊಡ್ಡ ಲಾಭ ತರುವುದು ಪರೀಕ್ಷೆ. ರಕ್ತಕಣಗಳನ್ನು ಎಣಿಸಿ ಅಳೆಯುವ ಸಾಮಾನ್ಯ ಸಿಬಿಸಿ ರಿಪೋರ್ಟ್ ಎಲ್ಲ ತಾಲ್ಲೂಕಿನಲ್ಲೂ ಸಿಗುತ್ತದೆ. ಹೆಚ್ಚಿನವರು ಅದರಲ್ಲಿ ಹಿಮೋಗ್ಲೋಬಿನ್ ಅಂಕಿ ಮಾತ್ರ ನೋಡುತ್ತಾರೆ. ಕೆಳಗಿನ ಎರಡು ಸಾಲು ನೋಡಬೇಕು: ಎಂಸಿವಿ, ಅಂದರೆ ಕಣದ ಗಾತ್ರ, ಮತ್ತು ಆರ್‌ಬಿಸಿ, ಅಂದರೆ ಕಣಗಳ ಸಂಖ್ಯೆ.

ಉದಾಹರಣೆಗೆ ಒಂದು ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್ 10.8, ಎಂಸಿವಿ 62, ಆರ್‌ಬಿಸಿ 5.8 ಇದೆ ಅಂದುಕೊಳ್ಳಿ. ಕಣಗಳು ತೀರಾ ಚಿಕ್ಕವು, ಆದರೆ ಸಂಖ್ಯೆ ಕಡಿಮೆಯಿಲ್ಲ, ಜಾಸ್ತಿಯೇ ಇದೆ. 62ನ್ನು 5.8ರಿಂದ ಭಾಗಿಸಿದರೆ 10.7. ಈ ಅಂಕಿ 13ಕ್ಕಿಂತ ಕಡಿಮೆ ಬಂದರೆ ಥಲಸೇಮಿಯಾ ವಾಹಕ ಇರಬಹುದೆಂಬ ಅನುಮಾನ ಬರಬೇಕು. ಇನ್ನೊಂದರಲ್ಲಿ ಎಂಸಿವಿ 72, ಆರ್‌ಬಿಸಿ 3.9 ಇದ್ದರೆ ಭಾಗಲಬ್ಧ 18.5, ಅಲ್ಲಿ ಕಬ್ಬಿಣದ ಕೊರತೆಯ ಸಾಧ್ಯತೆ ಜಾಸ್ತಿ. ಇದು ಸುಳಿವು ಮಾತ್ರ. ಖಚಿತವಾಗಲು ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ಎಂಬ ಪರೀಕ್ಷೆ ಬೇಕು. ಅದರಲ್ಲಿ ಎಚ್‌ಬಿಎ2 ಎಂಬ ಅಂಶ ಶೇ. 3.5ಕ್ಕಿಂತ ಜಾಸ್ತಿ ಬಂದರೆ ಸಾಮಾನ್ಯವಾಗಿ ಬೀಟಾ ಥಲಸೇಮಿಯಾದ ವಾಹಕರು. ಒಬ್ಬರೇ ಥಲಸೇಮಿಯಾ ವಾಹಕರೂ ಆಗಿದ್ದು ಅವರಿಗೆ ಕಬ್ಬಿಣದ ಕೊರತೆಯೂ ಇರಬಹುದು, ಹಾಗಾಗಿ ಈ ಲೆಕ್ಕ ನೋಡಿ ಕೆಂಪು ಮಾತ್ರೆ ತಾವಾಗಿಯೇ ನಿಲ್ಲಿಸಬಾರದು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 7 ಕೋಟಿ ಜನರ ತಪಾಸಣೆಯ ಗುರಿ ಇಟ್ಟುಕೊಂಡಿದೆ. 2047ರೊಳಗೆ ಕಾಯಿಲೆ ಇಲ್ಲವಾಗಿಸುವ ಆಸೆ ಅದರದ್ದು. ಒಳ್ಳೆಯದೇ. ಆದರೆ ಶಿಬಿರಗಳಲ್ಲಿ ಮೊದಲು ಮಾಡುವ ಸಾಲ್ಯುಬಿಲಿಟಿ ಪರೀಕ್ಷೆ ಸಿಕಲ್ ಹಿಮೋಗ್ಲೋಬಿನನ್ನು ಮಾತ್ರ ತೋರಿಸುತ್ತದೆ. ಥಲಸೇಮಿಯಾ ವಾಹಕರು ಅದರಲ್ಲಿ ಸಿಗುವುದಿಲ್ಲ. ಒಬ್ಬರು ಸಿಕಲ್ ವಾಹಕ, ಇನ್ನೊಬ್ಬರು ಥಲಸೇಮಿಯಾ ವಾಹಕ ಆಗಿದ್ದರೂ ಅವರ ಮಗುವಿಗೆ ಸಿಕಲ್-ಥಲಸೇಮಿಯಾ ಬರಬಹುದು. ಆರು ತಿಂಗಳೊಳಗಿನ ಕೂಸಿನಲ್ಲೂ ಈ ಪರೀಕ್ಷೆ ನಂಬುವಂತಿಲ್ಲ, ಕಾರಣ ಮೇಲೆ ಹೇಳಿದ ಎಚ್‌ಬಿಎಫ್.

ಸಂವಿಧಾನದ 371(ಜೆ) ವಿಧಿಯ ಅಡಿ ಬಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ರಸ್ತೆ, ಕಟ್ಟಡದ ಜೊತೆಗೆ ಇಂಥ ಕಡೆಗೂ ಹೋಗಬೇಕು. ಒಬ್ಬರಿಗೆ ಎಚ್‌ಪಿಎಲ್‌ಸಿ ಮಾಡಲು ಬೇಕಾಗುವುದು ಕೆಲವು ನೂರು ರೂಪಾಯಿಯಿಂದ ಸಾವಿರದ ಆಸುಪಾಸು. ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ತಾಲ್ಲೂಕಿನಿಂದ ಸ್ಯಾಂಪಲ್ ಅಲ್ಲಿಗೆ ಹೋಗಿ, ರಿಪೋರ್ಟ್ ಆಶಾ ಕಾರ್ಯಕರ್ತೆಯ ಕೈಗೆ ವಾಪಸ್ ಬರುವ ಏರ್ಪಾಡು ಮಾಡುವುದು ಅಸಾಧ್ಯದ ಮಾತಲ್ಲ.

ಮದುವೆಗೆ ಮುಂಚೆಯೋ, ಬಸುರಿಯಾದ ಮೇಲೋ

ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ಸಂಬಂಧದೊಳಗೇ ಆಗುತ್ತದೆ. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಜೀನ್‌ಗಳ ನಾಲ್ಕನೇ ಒಂದು ಪಾಲು ಒಂದೇ ಆಗಿರುತ್ತದೆ. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟನೇ ಒಂದು ಪಾಲು. ಮನೆತನದಲ್ಲಿ ಒಬ್ಬರು ವಾಹಕರಾಗಿದ್ದರೆ ಗಂಡ ಹೆಂಡತಿ ಇಬ್ಬರಿಗೂ ಅದೇ ದೋಷ ಇರುವ ಸಾಧ್ಯತೆ ಏರುವುದು ಇದರಿಂದ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಮದುವೆಗೆ ಮುಂಚೆಯೇ ಎಲ್ಲರಿಗೂ ಪರೀಕ್ಷೆ ಮಾಡಿಸಿ, ಕಾರ್ಡ್ ನೋಡಿ ಸಂಬಂಧ ಬೆಳೆಸಿ ಎನ್ನುವವರಿದ್ದಾರೆ. ಸೈಪ್ರಸ್, ಸಾರ್ಡೀನಿಯಾದಲ್ಲಿ ತಪಾಸಣೆಯಿಂದ ಥಲಸೇಮಿಯಾ ಮಕ್ಕಳ ಹುಟ್ಟು ಬಹಳ ಇಳಿದಿದ್ದು ಇವರ ಆಧಾರ. ಇದಕ್ಕೆ ಎದುರಾಗಿ ಬರುವ ಆಕ್ಷೇಪವೂ ಗಟ್ಟಿಯಾದದ್ದೇ. ಕಾರ್ಡ್ ಮೇಲೆ 'ವಾಹಕ' ಎಂದು ಬರೆದ ಕೂಡಲೇ ಹುಡುಗಿಯ ಮದುವೆ ಮುರಿಯುತ್ತದೆ, ಹುಡುಗನ ಕಾರ್ಡ್ ಯಾರೂ ಕೇಳುವುದಿಲ್ಲ. ವಾಹಕರಿಗೆ ಕಾಯಿಲೆ ಇಲ್ಲ, ಒಬ್ಬರೇ ವಾಹಕರಾದರೆ ಮಗುವಿಗೆ ಈ ಕಾಯಿಲೆ ಬರುವುದಿಲ್ಲ ಎಂಬ ತಿಳಿವಳಿಕೆ ಊರಲ್ಲಿ ಹರಡದೆ ಕಾರ್ಡ್ ಹಂಚಿದರೆ ಹಾನಿಯೇ ಜಾಸ್ತಿ.

ಹಾಗಾಗಿ ಬಸುರಿಯ ಮೊದಲ ತಪಾಸಣೆಯಲ್ಲೇ ಎಂಸಿವಿ ನೋಡಿ, ಕಡಿಮೆ ಇದ್ದವರಿಗೆ ಎಚ್‌ಪಿಎಲ್‌ಸಿ ಮಾಡಿಸುವುದು ಕಡಿಮೆ ತಂಟೆಯ ದಾರಿ. ಆಕೆ ವಾಹಕಿ ಎಂದಾದರೆ ಗಂಡನಿಗೂ ಪರೀಕ್ಷೆ. ಇಬ್ಬರದ್ದೂ ಪಾಸಿಟಿವ್ ಬಂದರೆ ಮಾತ್ರ ಮುಂದಿನ ಹೆಜ್ಜೆ, ಗರ್ಭದ ಪರೀಕ್ಷೆ. ಅದನ್ನು 10ರಿಂದ 12 ವಾರದ ಸುಮಾರಿಗೆ ಮಾಡುವುದು ಒಳ್ಳೆಯದು. ಇಲ್ಲಿ ಸಮಯವೇ ಕೈಕೊಡುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಆಸ್ಪತ್ರೆಗೆ ಬಂದರೆ, ಅಷ್ಟರಲ್ಲಿ ಗಂಡ ಪುಣೆಯ ಯಾವುದೋ ಕಟ್ಟಡದ ಕೆಲಸಕ್ಕೆ ಹೋಗಿದ್ದರೆ, ಅವನ ರಕ್ತ ಸಿಗುವಷ್ಟರಲ್ಲಿ ವಾರಗಳು ದಾಟಿರುತ್ತವೆ. ಅವನು ಇರುವ ಊರಿನ ಸರ್ಕಾರಿ ಆಸ್ಪತ್ರೆಯಲ್ಲೇ ಸ್ಯಾಂಪಲ್ ಕೊಟ್ಟು, ರಿಪೋರ್ಟ್ ಇಲ್ಲಿನ ವೈದ್ಯರ ಮೊಬೈಲಿಗೆ ಬರುವ ಹಾಗೆ ಮಾಡಿದರೆ ಆ ವಾರಗಳು ಉಳಿಯುತ್ತವೆ.